ಹಸಿರು ದೀಪವನ್ನು ನಂಬುವುದು ಹೇಗೆ?

ಬೇಲೂರು ಹಳೇಬೀಡುಗಳ ಶಿಲ್ಪವನ್ನು ನೋಡಲು ರೈಲಿನಲ್ಲಿ ಬರುವ ಯಾತ್ರಿಕರಲ್ಲಿ ಅನೇಕರು ಅರಸೀಕೆರೆಯಲ್ಲಿ ಇಳಿದು ಬಸ್ಸನ್ನು ಹಿಡಿಯುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮುಖ್ಯ ಮಾರ್ಗದಿಂದ ಹಾಸನ ಮೈಸೂರುಗಳ ಮಾರ್ಗವು ಕವಲೊಡೆಯುವ ಸ್ಥಳವಿದು. ಬಸ್ಸಿಗೆ ಇನ್ನೂ ಹೊತ್ತಿದ್ದರೆ ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದುಹೋಗಿ ನಿಂತು ನೋಡಿರಿ. ಹಳಿಗಳು ಒಂದರಿಂದ ಎರಡಾಗುತ್ತವೆ, ಎರಡರಿಂದ ನಾಲ್ಕಾಗುತ್ತವೆ, ಒಂದನ್ನೊಂದು ದಾಟಿ ಮತ್ತೆ ಕೂಡುತ್ತವೆ. ಅಷ್ಟರಲ್ಲಿ ದೂರದ ಕಂಬದ ಮೇಲೆ ಹಸಿರು ದೀಪ ಹೊತ್ತುತ್ತದೆ. ನಿಲ್ಲದೆ ಹೋಗುವ ಗಾಡಿಯೊಂದು ಭೋರ್ಗರೆಯುತ್ತ ಸಾಗಿಹೋಗುತ್ತದೆ.

ಆ ಗಾಡಿಯ ಚಾಲಕನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡೋಣ. ಗಂಟೆಗೆ 110 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 30 ಮೀಟರಿಗೂ ಹೆಚ್ಚು. ಬ್ರೇಕು ಹಾಕಿದಾಗ ವೇಗವು ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಕುಗ್ಗುತ್ತದೆಂದು ಇಟ್ಟುಕೊಂಡರೆ, ಗಾಡಿಯು ನಿಲ್ಲುವ ಮುನ್ನ ಸುಮಾರು 930 ಮೀಟರ್ ಓಡಿರುತ್ತದೆ. ಇದು ಪ್ರೌಢಶಾಲೆಯ ಚಲನಸೂತ್ರದಿಂದಲೇ ಸಿಗುವ ಲೆಕ್ಕ. ಒಂದು ಕಿಲೋಮೀಟರ್ ಮುಂದಿರುವ ಪಾಯಿಂಟು, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಚಲಿಸುವ ಹಳಿ, ಯಾವ ಕಡೆಗೆ ಕೂಡಿಕೊಂಡಿದೆಯೆಂಬುದು ಮನುಷ್ಯನ ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದ ಚಾಲಕನು ಹಳಿಯನ್ನು ನಂಬುವುದಿಲ್ಲ, ದೀಪವನ್ನು ನಂಬುತ್ತಾನೆ. ಅವನನ್ನು ನಂಬಿ ಹಿಂದೆ ಸಾವಿರಾರು ಜನ ಕುಳಿತಿರುತ್ತಾರೆ. ಹಾಗಾದರೆ ಆ ದೀಪವನ್ನು ನಂಬಲು ನಮಗಿರುವ ಆಧಾರವೇನು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದೂ, ಅದಕ್ಕೆ ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಉತ್ತರವೇನೆಂಬುದನ್ನು ತಿಳಿಸುವುದೂ ಈ ಲೇಖನದ ಉದ್ದೇಶ.

ದೀಪದ ಹಿಂದಿರುವ ತರ್ಕ

ಪಾಯಿಂಟಿಗೂ ದೀಪಕ್ಕೂ ಇರುವ ಕಟ್ಟುಪಾಡಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತನು 1856ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಮೊದಲಿಗೆ ಅದು ಕಬ್ಬಿಣದ ಸನ್ನೆಗಳೂ ಅಡ್ಡಪಟ್ಟಿಗಳೂ ಸೇರಿದ ಯಂತ್ರವಾಗಿತ್ತು. ಒಂದು ಸನ್ನೆಯನ್ನು ಎಳೆದರೆ ಅದಕ್ಕೆ ವಿರುದ್ಧವಾದ ಸನ್ನೆಗಳು ತಾವಾಗಿಯೇ ಬಿಗಿದುಕೊಳ್ಳುತ್ತಿದ್ದವು. ಅನಂತರ ಅದೇ ತರ್ಕವನ್ನು ವಿದ್ಯುತ್ತಿನ ರಿಲೇಗಳು ವಹಿಸಿಕೊಂಡವು. ಈಗ ಅನೇಕ ನಿಲ್ದಾಣಗಳಲ್ಲಿ ಆ ಕೆಲಸವನ್ನು ಗಣಕಯಂತ್ರವು ಮಾಡುತ್ತಿದೆ. ಸಾಧನಗಳು ಬದಲಾದರೂ ತತ್ತ್ವವು ಬದಲಾಗಿಲ್ಲ: ಪಾಯಿಂಟು ಸರಿಯಾದ ಕಡೆಗೆ ಕೂಡಿ, ಬಿಗಿದು, ಮುಂದಿನ ಹಳಿ ಖಾಲಿಯಿದ್ದಲ್ಲದೆ ಹಸಿರು ದೀಪ ಹೊತ್ತಕೂಡದು.

ಹೀಗೆ ಲೆಕ್ಕಹಾಕುವ ಯಂತ್ರವೊಂದು ಉಕ್ಕು, ನೀರು, ಗಾಳಿ, ರಕ್ತ ಮೊದಲಾದ ನೈಜ ವಸ್ತುಗಳನ್ನು ಆಳುವ ಏರ್ಪಾಡಿಗೆ ಇಂದು ಸೈಬರ್-ಫಿಸಿಕಲ್ ವ್ಯವಸ್ಥೆಯೆಂಬ ಹೆಸರು ಬಂದಿದೆ. ಮೋಟಾರು ಕಾರಿನ ಬ್ರೇಕನ್ನು ಅಳತೆಯಿಂದ ಬಿಡುವ ಯಂತ್ರ, ಮಧುಮೇಹಿಗೆ ಗಳಿಗೆ ಗಳಿಗೆಗೂ ಇನ್ಸುಲಿನ್ ಊಡುವ ಪಂಪು, ತಾನಾಗಿ ಹಾರುವ ಡ್ರೋನು ಇವೆಲ್ಲವೂ ಇದೇ ಜಾತಿಗೆ ಸೇರಿದವು. ಇವುಗಳಲ್ಲಿ ಬುದ್ಧಿಯು ಒಂದು ಕಡೆ, ದೇಹವು ಇನ್ನೊಂದು ಕಡೆ. ಬುದ್ಧಿಯು ತಪ್ಪಿದರೂ ಅಪಾಯ. ಬುದ್ಧಿಗೂ ದೇಹಕ್ಕೂ ನಡುವಣ ಮಾತು ತಪ್ಪಿದರೂ ಅಪಾಯ. ಎರಡನೆಯದೇ ಹೆಚ್ಚು ಕಪಟವಾದುದು. ಏಕೆಂದರೆ ಆಗ ಬುದ್ಧಿಯೂ ಸರಿಯಾಗಿ ಕಾಣುತ್ತದೆ, ದೇಹವೂ ಸರಿಯಾಗಿ ಕಾಣುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅರಸೀಕೆರೆಯಿಂದ ಹುಬ್ಬಳ್ಳಿಯ ಕಡೆಗೆ ಕಡೂರು ಬೀರೂರುಗಳನ್ನು ದಾಟಿ ಚಿಕ್ಕಜಾಜೂರಿನತ್ತ ಸಾಗಿದರೆ ಹೊಸದುರ್ಗ ರೋಡ್ ಎಂಬ ನಿಲ್ದಾಣ ಸಿಗುತ್ತದೆ. 2023ರ ಫೆಬ್ರವರಿ 8ರ ಸಂಜೆ ದೆಹಲಿಯ ಕಡೆಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಗಾಡಿಯು ಅಲ್ಲಿಂದ ಮುಂದುವರಿಯುತ್ತಿರುವಾಗ, ಅದು ಹೋಗಬೇಕಾದ ದಾರಿಗೆ ಬದಲಾಗಿ ಪಾಯಿಂಟು ಬೇರೊಂದು ಲೈನಿಗೆ ಕೂಡಿಕೊಂಡಿತ್ತು. ಆ ಲೈನಿನಲ್ಲಿ ಗೂಡ್ಸ್ ಗಾಡಿಯಿತ್ತು. ಚಾಲಕರು ಎಚ್ಚರದಿಂದಿದ್ದು, ತಪ್ಪನ್ನು ಕಂಡೊಡನೆಯೇ ಗಾಡಿಯನ್ನು ನಿಲ್ಲಿಸಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಮರುದಿನವೇ ದಕ್ಷಿಣ ಪಶ್ಚಿಮ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಬರೆದ ಪತ್ರವು ಅನಂತರ ಪತ್ರಿಕೆಗಳಲ್ಲಿ ಪ್ರಕಟವಾಯಿತು. ನಿಲ್ದಾಣದ ಫಲಕದ ಮೇಲೆ ದಾರಿಯು ಸರಿಯಾಗಿಯೇ ಕಾಣುತ್ತಿದ್ದು, ಗಾಡಿ ಹೊರಟ ಮೇಲೆ ದಾರಿಯು ಬದಲಾಗಬಹುದಾದರೆ ಇಂಟರ್‌ಲಾಕಿಂಗಿನ ಮೂಲತತ್ತ್ವಕ್ಕೇ ಅದು ವಿರುದ್ಧವೆಂಬುದು ಆ ಪತ್ರದ ತಾತ್ಪರ್ಯ.

ನಾಲ್ಕು ತಿಂಗಳು ತುಂಬುವುದರೊಳಗೆ, 2023ರ ಜೂನ್ 2ರ ಸಂಜೆ, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಗಾಡಿಗೆ ಮುಖ್ಯ ಲೈನಿನಲ್ಲಿ ನೇರವಾಗಿ ಹೋಗಲು ಹಸಿರು ದೀಪ ಸಿಕ್ಕಿತು. ಪಾಯಿಂಟು ಮಾತ್ರ ಪಕ್ಕದ ಲೂಪ್ ಲೈನಿಗೆ ಕೂಡಿತ್ತು. ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿದ್ದ ಗಾಡಿಯು ಲೂಪಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಉರುಳಿದ ಬೋಗಿಗಳು ಅದೇ ಹೊತ್ತಿಗೆ ಎದುರಿನ ಲೈನಿನಲ್ಲಿ ಸಾಗುತ್ತಿದ್ದ ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್ಸಿನ ಹಿಂಭಾಗಕ್ಕೂ ತಗುಲಿದವು. 290ಕ್ಕೂ ಹೆಚ್ಚು ಮಂದಿ ಮಡಿದರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯು ಕಂಡುಕೊಂಡ ಕಾರಣ ಇದು: ಹಿಂದೊಮ್ಮೆ ಸಿಗ್ನಲ್ ಸರ್ಕಿಟ್ಟನ್ನು ಬದಲಾಯಿಸುವಾಗ ಆದ ಲೋಪ, ಅದರ ಮೇಲೆ ಲೆವೆಲ್ ಕ್ರಾಸಿಂಗಿನ ಗೇಟನ್ನು ಹೊಸದಾಗಿ ಅಳವಡಿಸುವ ಕೆಲಸದಲ್ಲಿ ಆದ ಲೋಪ.

ಎರಡು ಪ್ರಸಂಗಗಳ ಕಾರಣವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಎರಡರಲ್ಲಿಯೂ ಸಮಾನವಾದ ಸಂಗತಿಯೊಂದುಂಟು: ಫಲಕವು ಹೇಳಿದ್ದು ಒಂದು, ಹಳಿಯು ಇದ್ದದ್ದು ಇನ್ನೊಂದು.

ದತ್ತ, ಸಾಧನೀಯ, ಸಾಧನೆ

ದೀಪವನ್ನು ನಂಬಲು ತಕ್ಕ ಆಧಾರವೇನೆಂದು ಕೇಳಿದರೆ, ಪರೀಕ್ಷಿಸಿ ನೋಡಿದ್ದೇವೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಪರೀಕ್ಷೆಯು ಅವಶ್ಯವೇ; ಆದರೆ ಅದು ಎಷ್ಟು ದೂರ ಹೋದೀತೆಂದು ಎಣಿಸೋಣ. ಒಂದು ಚಿಕ್ಕ ನಿಲ್ದಾಣದಲ್ಲಿ 2 ಪಾಯಿಂಟು, 4 ಸಿಗ್ನಲ್ಲು, 3 ಹಳಿಯ ತುಂಡುಗಳು ಇವೆಯೆಂದೂ, ಪ್ರತಿಯೊಂದಕ್ಕೂ ಎರಡೇ ಸ್ಥಿತಿಗಳೆಂದೂ ಇಟ್ಟುಕೊಳ್ಳೋಣ. ಒಟ್ಟು ಸ್ಥಿತಿಗಳು 2ರ 9ನೆಯ ಘಾತ, ಅಂದರೆ 512. ಇವನ್ನು ಒಂದೊಂದಾಗಿ ನೋಡಿ ಮುಗಿಸಬಹುದು. ಜಂಕ್ಷನ್ನಿನಲ್ಲಿ ಅಂಥ 100 ಅಂಗಗಳಿದ್ದರೆ ಸ್ಥಿತಿಗಳ ಸಂಖ್ಯೆ 2ರ 100ನೆಯ ಘಾತ. ಸೆಕೆಂಡಿಗೆ ನೂರು ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರವನ್ನು ಕೂರಿಸಿದರೂ, ಎಲ್ಲವನ್ನೂ ನೋಡಿ ಮುಗಿಸಲು ಈ ವಿಶ್ವದ ವಯಸ್ಸಿನ ಸುಮಾರು ಮೂರು ಸಾವಿರ ಮಡಿ ಕಾಲ ಬೇಕು. ಇವುಗಳಲ್ಲಿ ಹಲವು ಎಂದೂ ಸಂಭವಿಸದ ಸ್ಥಿತಿಗಳೆಂಬುದು ನಿಜ. ಆದರೆ ಯಾವುವು ಸಂಭವಿಸುವುದಿಲ್ಲವೆಂಬುದನ್ನೂ ಯಾರಾದರೂ ತೋರಿಸಿಕೊಡಬೇಕಷ್ಟೆ.

ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳೆಂದು ತಿಳಿಯಲು ನಾವು ಲೋಕದ ತ್ರಿಭುಜಗಳನ್ನೆಲ್ಲ ಅಳೆಯಲು ಹೊರಡುವುದಿಲ್ಲ. ರೇಖಾಗಣಿತದ ಪಾಠದಲ್ಲಿ ಮೊದಲು ದತ್ತವನ್ನು ಬರೆಯುತ್ತೇವೆ, ಅನಂತರ ಸಾಧನೀಯವನ್ನು ಬರೆಯುತ್ತೇವೆ, ಬಳಿಕ ಸಾಧನೆಯನ್ನು ಹೆಜ್ಜೆಹೆಜ್ಜೆಯಾಗಿ ಬರೆಯುತ್ತೇವೆ. ಯಂತ್ರವನ್ನು ಆಳುವ ತರ್ಕಕ್ಕೂ ಇದೇ ಕ್ರಮವನ್ನು ಅನ್ವಯಿಸುವ ವಿದ್ಯೆಗೆ ಫಾರ್ಮಲ್ ಮೆಥಡ್ಸ್ ಎಂದು ಹೆಸರು. ನಾವು ಅದನ್ನು ಸಾಧನಾಮಾರ್ಗವೆಂದು ಕರೆಯೋಣ. ನಿಲ್ದಾಣದ ಮಟ್ಟಿಗೆ ಹೇಳುವುದಾದರೆ ಸಾಧನೀಯ ಇಷ್ಟೆ: ಹಸಿರು ದೀಪವಿದ್ದಾಗಲೆಲ್ಲ ಪಾಯಿಂಟು ನೇರವಾಗಿದೆ, ಮುಂದಿನ ಹಳಿ ಖಾಲಿಯಾಗಿದೆ. ಸಾಧನೆಯೂ ಕಾಲೇಜಿನ ವಿದ್ಯಾರ್ಥಿಗೆ ಹೊಸದಲ್ಲ. ಅದು ಗಣಿತೀಯ ಅನುಗಮನವೇ. ಆರಂಭದ ಸ್ಥಿತಿಯಲ್ಲಿ ಈ ಹೇಳಿಕೆ ಸತ್ಯ. ಸತ್ಯವಾಗಿರುವ ಯಾವುದೇ ಸ್ಥಿತಿಯಿಂದ ಯಂತ್ರವು ಯಾವುದೇ ಒಂದು ಹೆಜ್ಜೆಯಿಟ್ಟರೂ ಅದು ಸತ್ಯವಾಗಿಯೇ ಉಳಿಯುತ್ತದೆ. ಆದುದರಿಂದ ಎಂದೆಂದಿಗೂ ಸತ್ಯ. ಸ್ಥಿತಿಗಳು ಎಷ್ಟು ಕೋಟಿಯಿದ್ದರೂ ಪರೀಕ್ಷಿಸಬೇಕಾದದ್ದು ಹೆಜ್ಜೆಗಳ ಜಾತಿಗಳನ್ನು ಮಾತ್ರ.

ಈ ಮಾರ್ಗವು ಪುಸ್ತಕದಲ್ಲಿಯೇ ಉಳಿದುಕೊಂಡದ್ದಲ್ಲ. ಪ್ಯಾರಿಸ್ ನಗರದ ಮೆಟ್ರೊ ರೈಲಿನ 14ನೆಯ ಲೈನು 1998ರಲ್ಲಿ ಆರಂಭವಾದಾಗ, ಚಾಲಕನಿಲ್ಲದೆ ಓಡುವ ಅದರ ಗಾಡಿಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಗಣಕಕ್ರಮವನ್ನು ಜಾಂ-ರೇಮಂ ಅಬ್ರಿಯಾಲ್ ಎಂಬ ವಿಜ್ಞಾನಿಯು ರೂಪಿಸಿದ ಬಿ ವಿಧಾನದಿಂದ ರಚಿಸಲಾಗಿತ್ತು. ಸಾಧಿಸಬೇಕಾಗಿ ಬಂದ ಚಿಕ್ಕದೊಡ್ಡ ಪ್ರಮೇಯಗಳ ಸಂಖ್ಯೆ ಸುಮಾರು 27,800. ಅವುಗಳಲ್ಲಿ ಬಹುಪಾಲನ್ನು ಗಣಕವೇ ಸಾಧಿಸಿತು, ಉಳಿದವನ್ನು ಇಂಜಿನಿಯರುಗಳು ಕೈಹಿಡಿದು ನಡೆಸಿ ಸಾಧಿಸಿದರು.

ಹಾಗಾದರೆ ಸಾಧನೆಯೊಂದೇ ಸಾಲದೆ? ಸಾಲದು. ಕಾರಣವು ಆ ಮೂರು ಪದಗಳಲ್ಲಿ ಮೊದಲನೆಯದರಲ್ಲಿಯೇ ಇದೆ. ಸಾಧನೆಯು ದತ್ತದಿಂದ ಸಾಧನೀಯದವರೆಗಿನ ದಾರಿಯನ್ನು ಮಾತ್ರ ಕಾಯುತ್ತದೆ; ದತ್ತವು ಸುಳ್ಳಾದರೆ ಅದು ಏನನ್ನೂ ಕಾಯಲಾರದು. ನಮ್ಮ ನಿಲ್ದಾಣದ ಸಾಧನೆಯಲ್ಲಿ ಅಡಗಿರುವ ದತ್ತವೆಂದರೆ, ಪಾಯಿಂಟು ನೇರವಾಗಿದೆಯೆಂದು ರಿಲೇ ಹೇಳಿದರೆ ಪಾಯಿಂಟು ನಿಜವಾಗಿಯೂ ನೇರವಾಗಿದೆ, ಎಂಬುದು. ಹಳಿಯ ಪಕ್ಕದ ಪೆಟ್ಟಿಗೆಯಲ್ಲಿ ತಂತಿಯೊಂದು ಬೇರೆಡೆಗೆ ಜೋಡಣೆಯಾದ ಕ್ಷಣದಲ್ಲಿ ಈ ದತ್ತವು ಬಿದ್ದುಹೋಗುತ್ತದೆ. ಅತ್ತ ಕಾಗದದ ಮೇಲಿನ ಸಾಧನೆಯು ಒಂದು ಅಕ್ಷರವೂ ತಪ್ಪದೆ ಹಾಗೆಯೇ ನಿಂತಿರುತ್ತದೆ.

ಇನ್ನೊಂದು ಉದಾಹರಣೆ ಜಗತ್ಪ್ರಸಿದ್ಧವಾದುದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಬಾರಿಗೆ ಮೇಲೇರಿ, 40 ಸೆಕೆಂಡುಗಳು ಕಳೆಯುವ ಮುನ್ನವೇ ದಾರಿತಪ್ಪಿ ಸಿಡಿದುಹೋಯಿತು. ಅದರ ದಿಕ್ಕನ್ನು ತಿಳಿಸುವ ಉಪಕರಣದ ಗಣಕಕ್ರಮವನ್ನು ಹಿಂದಿನ ಏರಿಯಾನ್ 4ರಿಂದ ತೆಗೆದುಕೊಳ್ಳಲಾಗಿತ್ತು. ಹಳೆಯ ರಾಕೆಟ್ಟಿನಲ್ಲಿ ಅಡ್ಡವೇಗದ ಅಂಕಿಯು ಎಂದೂ ಒಂದು ಮಿತಿಯನ್ನು ಮೀರುವಂತಿರಲಿಲ್ಲ. ಆದುದರಿಂದ ಅದನ್ನು ಚಿಕ್ಕ ಸ್ಥಳದಲ್ಲಿ ಬರೆದಿಡುವುದು ಅಲ್ಲಿ ಸರಿಯಾಗಿಯೇ ಇತ್ತು. ಹೊಸ ರಾಕೆಟ್ಟಿನ ಪಥವೇ ಬೇರೆ; ಅಂಕಿಯು ಆ ಸ್ಥಳದಲ್ಲಿ ಹಿಡಿಸಲಿಲ್ಲ. ತರ್ಕವು ಬದಲಾಗಿರಲಿಲ್ಲ, ದತ್ತವು ಬದಲಾಗಿತ್ತು. ಹೊಸ ಪಥದ ಮಾದರಿಯನ್ನು ಹಳೆಯ ಉಪಕರಣಕ್ಕೆ ಜೋಡಿಸಿ ಭೂಮಿಯ ಮೇಲೆಯೇ ಓಡಿಸಿ ನೋಡಿದ್ದರೆ ದೋಷವು ಬಯಲಾಗುತ್ತಿತ್ತು.

ಒಟ್ಟುಗೂಡಿ ಓಡಿಸುವ ವಿದ್ಯೆ

ಹೀಗೆ ಜೋಡಿಸಿ ಓಡಿಸಿ ನೋಡುವುದಕ್ಕೆ ಕೋ-ಸಿಮ್ಯುಲೇಶನ್, ಅಂದರೆ ಸಹಾನುಕರಣವೆಂದು ಹೆಸರು. ಗಾಡಿಯ ಚಲನೆ ಬ್ರೇಕುಗಳನ್ನು ಬಲ್ಲವನು ಯಂತ್ರಶಾಸ್ತ್ರಜ್ಞ. ಅವನ ಮಾದರಿಯು ಅವಕಲ ಸಮೀಕರಣಗಳಲ್ಲಿರುತ್ತದೆ. ರಿಲೇಗಳನ್ನು ಬಲ್ಲವನು ವಿದ್ಯುತ್ ಇಂಜಿನಿಯರು. ಅವನ ಮಾದರಿಯು ಸರ್ಕಿಟ್ಟಿನ ನಕ್ಷೆ. ತರ್ಕವನ್ನು ಬಲ್ಲವನದು ಹೌದು-ಅಲ್ಲಗಳ ಕೋಷ್ಟಕ. ರೇಡಿಯೊ ಸಂದೇಶವು ತಡವಾಗುವುದನ್ನು ಬಲ್ಲವನು ಮತ್ತೊಬ್ಬ. ಈ ಎಲ್ಲರನ್ನೂ ಒಂದೇ ಭಾಷೆಯಲ್ಲಿ ಬರೆಯಿರೆಂದು ಒತ್ತಾಯಿಸದೆ, ಅವರವರ ಮಾದರಿಗಳನ್ನು ಅವರವರ ಸಾಧನದಲ್ಲಿಯೇ ಬಿಟ್ಟು, ಗಣಕದೊಳಗೆ ಒಂದೇ ಗಡಿಯಾರಕ್ಕೆ ಕಟ್ಟಿ, ಹೆಜ್ಜೆಹೆಜ್ಜೆಗೂ ಪರಸ್ಪರ ಅಂಕಿಗಳನ್ನು ಕೊಟ್ಟು ತೆಗೆದುಕೊಳ್ಳುವಂತೆ ಮಾಡುವುದೇ ಈ ವಿದ್ಯೆಯ ತಿರುಳು. ಬೇರೆ ಬೇರೆ ಸಂಸ್ಥೆಗಳ ಮಾದರಿಗಳು ಹೀಗೆ ಕೂಡಲೆಂದು ಎಫ್‌ಎಂಐ ಎಂಬ ಸಾಮಾನ್ಯ ನಿಯಮಾವಳಿಯು 2010ರಲ್ಲಿ ಹೊರಬಂದಿತು. ಅದನ್ನು ಯಾರು ಬೇಕಾದರೂ ಬಳಸಬಹುದು.

ಸಹಾನುಕರಣದಲ್ಲಿ ನಾವು ನಿಜವಾದ ನಿಲ್ದಾಣದಲ್ಲಿ ಮಾಡಲು ಹೆದರುವುದನ್ನೆಲ್ಲ ಮಾಡಬಹುದು. ಹಳಿ ಮಳೆಯಿಂದ ನೆನೆದು ಬ್ರೇಕಿನ ಹಿಡಿತ ಸಡಿಲವಾಯಿತೆಂದು ಇಟ್ಟುಕೊಳ್ಳೋಣ. ವೇಗವು ಸೆಕೆಂಡಿಗೆ 0.5ರ ಬದಲು 0.4 ಮೀಟರಿನಂತೆ ಕುಗ್ಗಿದರೆ ಗಾಡಿಯು ನಿಲ್ಲುವ ದೂರ 930ರಿಂದ ಸುಮಾರು 1,170 ಮೀಟರಿಗೆ ಏರುತ್ತದೆ. ಗಾಡಿ ಓಡುತ್ತಿರುವಾಗಲೇ ಕೆಲಸಗಾರನೊಬ್ಬನು ಪೆಟ್ಟಿಗೆಯ ಬಾಗಿಲನ್ನು ತೆರೆದು ಎರಡು ತಂತಿಗಳನ್ನು ಸೇರಿಸಿದನೆಂದು ಇಟ್ಟುಕೊಳ್ಳೋಣ. ಆ ಬಾಗಿಲೂ, ಆ ಕೈಯೂ ಮಾದರಿಯ ಒಂದು ಭಾಗವಾಗಲಿ. ಆಗ ಏನಾಗುತ್ತದೆಂಬುದನ್ನು ಯಾರ ಪ್ರಾಣಕ್ಕೂ ಕುತ್ತಿಲ್ಲದೆ ಕಾಣಬಹುದು.

ಆದರೆ ಸಹಾನುಕರಣವೊಂದೇ ಸಾಕೆಂಬ ಭ್ರಮೆಯೂ ಕೂಡದು. ಅದೂ ಪರೀಕ್ಷೆಯ ಜಾತಿಯದೇ. ನಾವು ಯೋಚಿಸಿ ಓಡಿಸಿದ ಪ್ರಸಂಗಗಳನ್ನು ಮಾತ್ರ ಅದು ತೋರಿಸುತ್ತದೆ. ಅದಲ್ಲದೆ ಮಾದರಿಗಳನ್ನು ಕೂಡಿಸುವುದರಲ್ಲಿಯೇ ಮೋಸವಿರಬಹುದು. ಗಾಡಿಯ ಮಾದರಿಯೂ ಸಿಗ್ನಲ್ಲಿನ ಮಾದರಿಯೂ ಸೆಕೆಂಡಿಗೊಮ್ಮೆ ಮಾತ್ರ ಅಂಕಿಗಳನ್ನು ಬದಲಾಯಿಸಿಕೊಳ್ಳುತ್ತವೆಯೆಂದು ಇಟ್ಟುಕೊಳ್ಳಿರಿ. ಆ ಒಂದು ಸೆಕೆಂಡಿನಲ್ಲಿ ಗಾಡಿಯು 30 ಮೀಟರ್ ಮುಂದೆ ಸಾಗಿರುತ್ತದೆ. ಸಿಗ್ನಲ್ಲು ಮಾತ್ರ ಅದು ಹಿಂದೆಯೇ ಇದೆಯೆಂದು ತಿಳಿದಿರುತ್ತದೆ. ಇಲ್ಲದ ಅಪಾಯವೊಂದು ಕಂಡೀತು, ಅಥವಾ ಇರುವ ಅಪಾಯವೊಂದು ಕಾಣದೆ ಹೋದೀತು. ಆದುದರಿಂದ ಮಾದರಿಗಳನ್ನು ಕೂಡಿಸುವ ಕ್ರಮಕ್ಕೂ ಸಾಧನೆ ಬೇಕಾಗುತ್ತದೆ.

ಬೇಲೂರು ಹಳೇಬೀಡುಗಳ ಗುಡಿಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಡೆದು ತೆಗೆದಂತೆ ಹೊಳೆಯುವ ಬಳಪದ ಕಲ್ಲಿನ ಕಂಬವನ್ನು ನಾವು ಒಂದೊಂದಾಗಿ ನೋಡಿ ಮೆಚ್ಚುತ್ತೇವೆ. ಆದರೆ ಗಾರೆಯ ಬಲವಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತು ಛಾವಣಿ ನಿಂತಿರುವುದು ಕಂಬದ ನಯದಿಂದಲ್ಲ, ಕಂಬಕ್ಕೂ ತೊಲೆಗೂ ನಡುವಣ ಕೂಡಿಕೆಯಿಂದ. ಯಂತ್ರಗಳಲ್ಲಿಯೂ ಒಡಕು ಹುಟ್ಟುವುದು ಹೆಚ್ಚಾಗಿ ಕೂಡಿಕೆಯಲ್ಲಿಯೇ.

ಎರಡನ್ನೂ ಬೆಸೆಯಬೇಕು

ಇಲ್ಲಿಗೆ ನಾವು ಹೇಳಬೇಕೆಂದಿರುವ ಮಾತು ಸ್ಪಷ್ಟವಾಯಿತೆಂದು ನಂಬುತ್ತೇವೆ. ಸಾಧನೆ ಮತ್ತು ಸಹಾನುಕರಣಗಳನ್ನು ಎರಡು ಪಂಥಗಳಂತೆ ಬೇರೆ ಬೇರೆ ಇಡುವುದು ತಪ್ಪು; ಒಂದರ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಕಟ್ಟಬೇಕು. ಕಟ್ಟುವ ಬಗೆ ಹೀಗೆ. ಮೊದಲು ಸಾಧನೆಯಲ್ಲಿ ಬಳಸಿದ ಪ್ರತಿಯೊಂದು ದತ್ತವನ್ನೂ ಬಿಡದೆ ಪಟ್ಟಿಮಾಡಬೇಕು: ರಿಲೇ ಸತ್ಯ ಹೇಳುತ್ತದೆ, ಸಂದೇಶವು ಇಷ್ಟು ಹೊತ್ತಿನೊಳಗೆ ತಲಪುತ್ತದೆ, ಗಾಡಿಯು ಇಷ್ಟು ದೂರದೊಳಗೆ ನಿಲ್ಲುತ್ತದೆ. ಅನಂತರ ಆ ದತ್ತಗಳನ್ನೇ ಸಹಾನುಕರಣದಲ್ಲಿ ಕಾವಲುಗಾರರನ್ನಾಗಿ ನಿಲ್ಲಿಸಬೇಕು. ಮಾದರಿಯು ಓಡುತ್ತಿರುವಾಗ ಯಾವ ದತ್ತವು ಮುರಿದರೂ ಕಾವಲುಗಾರನು ಕೂಗುತ್ತಾನೆ. ಕೂಗಿದಾಗ ಎರಡರಲ್ಲೊಂದನ್ನು ಮಾಡಬೇಕು: ಆ ದತ್ತವು ಮುರಿಯದಂತೆ ಯಂತ್ರವನ್ನು ತಿದ್ದಬೇಕು, ಇಲ್ಲವೆ ಆ ದತ್ತವಿಲ್ಲದೆಯೇ ಸಾಧನೆ ನಿಲ್ಲುವಂತೆ ತರ್ಕವನ್ನು ತಿದ್ದಬೇಕು. ತಿದ್ದಿದ ಮೇಲೆ ಮತ್ತೆ ಸಾಧಿಸಬೇಕು, ಮತ್ತೆ ಓಡಿಸಬೇಕು. ಯುರೋಪಿನಲ್ಲಿ 2015ರಿಂದ 2017ರವರೆಗೆ ನಡೆದ ಇಂಟೊ-ಸಿಪಿಎಸ್ ಎಂಬ ಸಂಶೋಧನಾ ಯೋಜನೆಯು ತರ್ಕದ ಮಾದರಿಗಳನ್ನೂ ಚಲನೆಯ ಮಾದರಿಗಳನ್ನೂ ಎಫ್‌ಎಂಐ ಮೂಲಕ ಒಂದೇ ಕಡೆಗೆ ತಂದು, ಈ ಬಗೆಯ ಕೆಲಸಕ್ಕೆ ಬೇಕಾದ ಸಾಧನಗಳನ್ನು ಒದಗಿಸಿಕೊಟ್ಟಿದೆ.

ನಮ್ಮ ದೇಶದ ಕವಚ್ ವ್ಯವಸ್ಥೆಯನ್ನು ಈ ದೃಷ್ಟಿಯಿಂದ ನೋಡಬೇಕು. ಚಾಲಕನು ಕೆಂಪು ದೀಪವನ್ನು ಮೀರಿದರೆ ತಾನಾಗಿ ಬ್ರೇಕು ಹಾಕುವ ಈ ಏರ್ಪಾಡನ್ನು ಪ್ರಯಾಣಿಕರ ಗಾಡಿಗಳ ಮೇಲೆ 2016ರ ಫೆಬ್ರವರಿಯಲ್ಲಿ ಮೊದಲು ಪರೀಕ್ಷಿಸಲಾಯಿತು. ಪರೀಕ್ಷೆ ನಡೆದ ಮಾರ್ಗಗಳು ವಿಕಾರಾಬಾದಿನಿಂದ ನಮ್ಮ ವಾಡಿ ಮತ್ತು ಬೀದರುಗಳ ಕಡೆಗಿನವು. 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕರಿಸಲಾಯಿತು. ಅದಕ್ಕೆ ವಿಧಿಸಿರುವ ಸುರಕ್ಷತೆಯ ಮಟ್ಟ ಎಲ್ಲಕ್ಕಿಂತ ಮೇಲಿನದು: ಹತ್ತು ಕೋಟಿ ಗಂಟೆಗಳಲ್ಲಿ ಒಂದಕ್ಕಿಂತ ಕಡಿಮೆ ಅಪಾಯಕರ ದೋಷ. ಹತ್ತು ಕೋಟಿ ಗಂಟೆಯೆಂದರೆ ಸುಮಾರು 11,400 ವರ್ಷ! ಕೇವಲ ಗಾಡಿ ಓಡಿಸಿ ನೋಡಿ ಇದನ್ನು ಖಚಿತಪಡಿಸುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟ. ಮತ್ತೊಂದು ಮಾತು: ಮುಂದಿನ ದಾರಿಯ ಸುದ್ದಿಯನ್ನು ಕವಚ್ ಪಡೆಯುವುದು ನಿಲ್ದಾಣದ ಇಂಟರ್‌ಲಾಕಿಂಗಿನಿಂದಲೇ. ಇಂಟರ್‌ಲಾಕಿಂಗು ಸುಳ್ಳು ಹೇಳಿದರೆ ಕವಚ್ ಕೂಡ ಆ ಸುಳ್ಳನ್ನೇ ನಂಬುತ್ತದೆ. ಒಂದು ಯಂತ್ರದ ಸಾಧನೀಯವು ಮತ್ತೊಂದು ಯಂತ್ರಕ್ಕೆ ದತ್ತವಾಗುವ ಬಗೆ ಇದು.

ನಮ್ಮ ಮಾತಿಗೆ ಆಕ್ಷೇಪಗಳು ಇಲ್ಲದಿಲ್ಲ. ಹೊಸದುರ್ಗ ರೋಡಿನಲ್ಲಿಯೂ ಬಹನಾಗಾದಲ್ಲಿಯೂ ತಪ್ಪು ಮನುಷ್ಯರದು, ನಿಯಮಗಳನ್ನು ಪಾಲಿಸಿದ್ದರೆ ಸಾಕಾಗಿತ್ತು, ಗಣಿತವು ಏನು ಮಾಡೀತು ಎಂದು ಕೆಲವರು ಕೇಳಬಹುದು. ನಿಯಮಪಾಲನೆಯ ಅವಶ್ಯಕತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸ್ಯಾಕ್ಸ್‌ಬಿಯು ಸನ್ನೆಗಳಿಗೆ ಅಡ್ಡಪಟ್ಟಿಗಳನ್ನು ಹಾಕಿದ್ದು ಮನುಷ್ಯನು ತಪ್ಪುತ್ತಾನೆಂಬುದನ್ನು ತಿಳಿದೇ. ಮನುಷ್ಯನು ತಪ್ಪದಿದ್ದರೆ ಸುರಕ್ಷಿತ ಎನ್ನುವ ಯಂತ್ರಕ್ಕೆ ಇಂಟರ್‌ಲಾಕಿಂಗ್ ಎಂಬ ಹೆಸರು ಸಲ್ಲದು. ದುರಸ್ತಿಗಾರನ ಕೈಯನ್ನು ಮಾದರಿಯ ಹೊರಗೆ ಬಿಟ್ಟು ಮಾಡಿದ ಸಾಧನೆಯು ಅಪೂರ್ಣವೆಂಬುದೇ ಆ ಎರಡು ಪ್ರಸಂಗಗಳ ಪಾಠ.

ಖರ್ಚು ಹೆಚ್ಚು, ಬಲ್ಲವರು ಕಡಿಮೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಪ್ರತಿಯೊಂದು ನಿಲ್ದಾಣದ ಮಾದರಿಯನ್ನು ಬರೆಯಲು ಕಾಲ ಬೇಕು, ನುರಿತವರು ಬೇಕು. ಮಾದರಿಯೇ ನಿಜಸ್ಥಿತಿಗೆ ಹೊಂದದಿದ್ದರೆ ಶ್ರಮವೆಲ್ಲ ವ್ಯರ್ಥ. ಆದರೆ ಮಾದರಿಯನ್ನು ಒಮ್ಮೆ ಬರೆದಿಟ್ಟರೆ ಗೇಟು ಬದಲಾದಾಗ, ತಂತಿ ಬದಲಾದಾಗ, ಲೈನು ಕೂಡಿದಾಗ ಬದಲಾದ ಭಾಗವನ್ನು ತಿದ್ದಿ ಮತ್ತೆ ಸಾಧಿಸಬಹುದು. ಅಪಾಯವು ಹೆಚ್ಚಾಗಿ ನುಸುಳುವುದು ಹೊಸದಾಗಿ ಕಟ್ಟುವಾಗಲ್ಲ, ಕಟ್ಟಿದ್ದನ್ನು ಬದಲಾಯಿಸುವಾಗ. ಅಲ್ಲಿಯೇ ಈ ಖರ್ಚಿಗೆ ಫಲವುಂಟು. ಬಲ್ಲವರು ಕಡಿಮೆಯೆಂಬುದಕ್ಕಂತೂ ಬಲ್ಲವರನ್ನು ತಯಾರುಮಾಡುವುದೇ ಉತ್ತರ.

1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ರೈಲು ಅಪಘಾತವಾಗಿ ಸುಮಾರು 80 ಮಂದಿ, ಅವರಲ್ಲಿ ಅನೇಕರು ಮಕ್ಕಳು, ಸತ್ತರು. ಇಂಟರ್‌ಲಾಕಿಂಗನ್ನೂ ಇತರ ಸುರಕ್ಷತಾ ಕ್ರಮಗಳನ್ನೂ ಬ್ರಿಟಿಷ್ ಸಂಸತ್ತು ಕಡ್ಡಾಯಮಾಡಿದ್ದು ಅದೇ ವರ್ಷ. ಸಾಧನವು ಮೂವತ್ತು ವರ್ಷಗಳಿಂದಲೂ ಕೈಯಲ್ಲಿತ್ತು. ಕಾನೂನು ಬರಲು ಸಾವುಗಳು ಬೇಕಾದವು. ಇಂದು ನಮ್ಮ ಸ್ಥಿತಿಯೂ ಅದೇ ಆಗಬೇಕೆ? ಹೊಸದುರ್ಗ ರೋಡ್ ನಮಗೆ ಒಂದು ಪ್ರಾಣವನ್ನೂ ತೆಗೆದುಕೊಳ್ಳದೆ ಎಚ್ಚರಿಕೆಯನ್ನು ಕೊಟ್ಟಿತು. ಅಂಥ ಎಚ್ಚರಿಕೆಯು ಪದೇ ಪದೇ ಸಿಗುವುದಿಲ್ಲ.

ಚಿಕ್ಕಮಗಳೂರಿನವರೆಗೆ 2013ರಲ್ಲಿ ಬಂದ ರೈಲುಮಾರ್ಗವನ್ನು ಬೇಲೂರಿನ ಮೂಲಕ ಹಾಸನಕ್ಕೆ ಜೋಡಿಸುವ ಕಾಮಗಾರಿಯನ್ನು ಕೈಗೊಳ್ಳಲಾಗಿದೆ. ಹೊಯ್ಸಳರ ಊರಿಗೆ ರೈಲು ಬರುವಾಗ ಅಲ್ಲಿ ಹೊಸ ಪಾಯಿಂಟುಗಳೂ, ಹೊಸ ದೀಪಗಳೂ, ಹೊಸ ತರ್ಕವೂ ಬರುತ್ತವೆ. ಬೇಲೂರಿನ ನಿಲ್ದಾಣದ ಮೊದಲನೆಯ ಹಸಿರು ದೀಪವು ಸಾಧಿತವಾದ ದೀಪವಾಗಿರಲಿ, ಅದರ ದತ್ತಗಳೆಲ್ಲ ಸಹಾನುಕರಣದಲ್ಲಿ ಮುರಿಯಲು ಯತ್ನಿಸಿಯೂ ಮುರಿಯದೆ ಉಳಿದವಾಗಿರಲಿ, ಅನಂತರ ಒಂದು ತಂತಿಯನ್ನು ಬದಲಾಯಿಸಿದರೂ ಈ ಎರಡು ಕೆಲಸಗಳು ಮತ್ತೆ ನಡೆಯಲಿ ಎಂಬುದು ನಮ್ಮ ಬೇಡಿಕೆ. ಅರಸೀಕೆರೆಯಂಥ ಹಳೆಯ ಜಂಕ್ಷನ್ನುಗಳಿಗೂ ಇದೇ ನಿಯಮವು ಸಲ್ಲಬೇಕು.

ಈ ಕೆಲಸವನ್ನು ಮಾಡುವವರು ಯಾರು? ಹಾಸನದಲ್ಲಿ 1960ರಿಂದಲೂ ಇಂಜಿನಿಯರಿಂಗ್ ಕಾಲೇಜುಂಟು. ನಾಡಿನ ಬೇರೆ ಕಡೆಗಳಲ್ಲಿಯೂ ಬೇಕಾದಷ್ಟಿವೆ. ಅಲ್ಲಿಗೆ ನಾಳೆ ಸೇರುವವರು ಇಂದು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳೇ. ಬೇಕಾದ ಸಾಧನಗಳಲ್ಲಿ ಹಲವು ಹಣವಿಲ್ಲದೆ ದೊರೆಯುತ್ತವೆ. ಎರಡು ಪಾಯಿಂಟು, ನಾಲ್ಕು ಸಿಗ್ನಲ್ಲುಗಳ ಚಿಕ್ಕ ನಿಲ್ದಾಣವೊಂದನ್ನು ಕಾಗದದ ಮೇಲೆ ಬರೆದು, ದತ್ತವೇನು ಸಾಧನೀಯವೇನು ಎಂದು ನೀವೇ ಕೇಳಿಕೊಳ್ಳಿರಿ. ಸಾಧನೆಯನ್ನು ಬರೆದು ಮುಗಿಸಿದ ಮೇಲೆ ತೃಪ್ತಿಯಿಂದ ಪುಸ್ತಕವನ್ನು ಮುಚ್ಚದೆ, ಈ ದತ್ತವನ್ನು ಸುಳ್ಳುಮಾಡುವುದು ಹೇಗೆಂದು ಇನ್ನೊಮ್ಮೆ ಯೋಚಿಸಿರಿ. ಹೀಗೆ ಯೋಚಿಸಲು ಕಲಿತವರು ಕಟ್ಟಿದ ದೀಪವನ್ನು ಚಾಲಕನು ನಂಬಿ ಗಾಡಿಯನ್ನು ನಡೆಸಬಹುದು.